ಡೈನೋಸಾರ್ ತಲೆ ಸಿಗದಿದ್ದರೂ ಪರವಾಗಿಲ್ಲ!

ಮೂರು ವರ್ಷ ದಾಟಿದ ಮಗು ಮನೆಯಲ್ಲಿದ್ದರೆ ಡೈನೋಸಾರ್ ಕೂಡ ಇದ್ದೇ ಇರುತ್ತೆ. ಟಿ-ಶರ್ಟ್ ಮೇಲೆ, ನೀರಿನ ಬಾಟಲಿ ಮೇಲೆ, ಸೋಫಾ ಕೆಳಗೆ. ಹಾಗಾಗಿ ಭಾನುವಾರ ಒಂದು ಟಬ್‌ಗೆ ಮರಳು ಸುರಿದು, ನಾಲ್ಕು ಪ್ಲಾಸ್ಟಿಕ್ ಡೈನೋಸಾರ್ ಹೂತಿಟ್ಟು, "ಹೋಗು ಪುಟ್ಟಾ, ಹುಡುಕು" ಅಂತ ಕಾಫಿ ಲೋಟ ಹಿಡಿದು ಕೂರೋದು ಸುಲಭ. ಆದ್ರೆ ಕಾಫಿ ಮುಗಿಯೋ ಮೊದಲೇ ಆಟ ಮುಗಿದಿರುತ್ತೆ. ನಾಲ್ಕೂ ಸಿಕ್ಕಾಯ್ತು, ಮರಳು ಹಾಲ್‌ವರೆಗೂ ಬಂದಾಯ್ತು, "ಅಮ್ಮಾ, ಫೋನ್ ಕೊಡು" ಶುರುವಾಯ್ತು.

ಯಾಕೆ ಹೀಗೆ? ಹುಡುಕೋದು ಬಿಟ್ಟರೆ ಅಲ್ಲಿ ಮಗುವಿಗೆ ಬೇರೆ ಕೆಲಸವೇ ಇಲ್ಲ. ನಿಜವಾದ ವಿಜ್ಞಾನಿಗಳಿಗೆ ಅಗೆಯೋದು ಆರಂಭ ಮಾತ್ರ. ಅಳೆಯಬೇಕು, ಚಿತ್ರ ಬರೆಯಬೇಕು, ಬ್ರಷ್‌ನಿಂದ ಮಣ್ಣು ಬಿಡಿಸಬೇಕು, ಜೋಪಾನವಾಗಿ ಸುತ್ತಿ ಸಾಗಿಸಬೇಕು, ಕೊನೆಗೆ ಜೋಡಿಸಬೇಕು. ಈ ಕೆಲಸಗಳನ್ನೂ ಆಟಕ್ಕೆ ಸೇರಿಸಿದ್ರೆ ಹತ್ತು ನಿಮಿಷದ ಆಟ ಅರ್ಧ ದಿನಕ್ಕೆ ಬೆಳೆಯುತ್ತೆ.

ನಮ್ಮದೇ ದೇಶದ ಕಥೆ

ಟಿ-ರೆಕ್ಸ್ ಯಾಕೆ, ನಮ್ಮ ಬರಾಪಸಾರಸ್ ಇದ್ಯಲ್ಲ! 1960ರ ದಶಕದ ಆರಂಭದಲ್ಲಿ ಗೋದಾವರಿ ಕಣಿವೆಯಲ್ಲಿ ಇದರ ಸುಮಾರು 300 ಮೂಳೆಗಳನ್ನು ಅಗೆದು ತೆಗೆದರು. ಬಂಗಾಳಿಯಲ್ಲಿ 'ಬರಾ ಪಾ' ಅಂದ್ರೆ ದೊಡ್ಡ ಕಾಲು. 1975ರಲ್ಲಿ ಹೆಸರಿಡುವಾಗ ರವೀಂದ್ರನಾಥ ಟಾಗೋರರನ್ನೂ ನೆನೆದು 'ಬರಾಪಸಾರಸ್ ಟಾಗೋರೈ' ಅಂದರು. ಉದ್ದ ಸುಮಾರು 14 ಮೀಟರ್, ಸಿಟಿ ಬಸ್ಸಿಗಿಂತ ಸ್ವಲ್ಪ ಜಾಸ್ತಿ. ಇದರ ಅಸ್ಥಿಪಂಜರ ಈಗ ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ನಿಂತಿದೆ.

ಮಜಾ ಏನಂದ್ರೆ, ಅಷ್ಟೊಂದು ಮೂಳೆಗಳ ನಡುವೆ ತಲೆಬುರುಡೆ ಸಿಗಲೇ ಇಲ್ಲ. ಕೆಲವು ಹಲ್ಲುಗಳಷ್ಟೇ ಸಿಕ್ಕವು. ನೀವೂ ಹಾಗೇ ಮಾಡಿ. ಎಲ್ಲ ಮೂಳೆ ಹೂತಿಡಿ, ತಲೆ ಮಾತ್ರ ಇಡಬೇಡಿ. "ಇದರ ತಲೆ ಹೇಗಿತ್ತು?" ಅಂತ ಕೇಳಿ, ಕ್ರೇಯಾನ್ ಕೊಟ್ಟು ಸುಮ್ಮನಾಗಿ. ಕೊಂಬು ಬಂದರೂ ಬರಲಿ, ಜುಟ್ಟು ಬಂದರೂ ಬರಲಿ.

ಶುಕ್ರವಾರವೇ ಶುರು ಮಾಡಿ

ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಬೆನ್ನುಮೂಳೆಯ ಮಣಿ, ಪಕ್ಕೆಲುಬು, ಕಾಲಿನ ಮೂಳೆ ಮಾಡಿ, ತೆಳ್ಳಗಿರಲಿ. ಎರಡು ಮೂರು ದಿನ ಬಿಸಿಲಲ್ಲೋ ಫ್ಯಾನ್ ಕೆಳಗೋ ಒಣಗಿಸಿ. ನೀರು ತಗುಲಿದ್ರೆ ಇವು ಮೆತ್ತಗಾಗುತ್ತವೆ. ಅದಕ್ಕೇ ಆಟದ ದಿನ ಬೆಳಿಗ್ಗೆಯೇ ಹೂತಿಡಿ.

ಅಪಾರ್ಟ್‌ಮೆಂಟ್ ಬಾಲ್ಕನಿಗೆ ಮರಳಿಗಿಂತ ಕೋಕೋಪೀಟ್ ವಾಸಿ. ನರ್ಸರಿಯಲ್ಲಿ ಇಟ್ಟಿಗೆ ಥರ ಸಿಗುತ್ತೆ, ನೀರು ಹಾಕಿದ್ರೆ ಉಬ್ಬುತ್ತೆ. ಹಿಂಡಿ, ದೂಳು ಏಳದಷ್ಟು ಮಾತ್ರ ತೇವ ಉಳಿಸಿಕೊಳ್ಳಿ. ಆಟ ಮುಗಿದ ಮೇಲೆ ಉಪ್ಪು ಬೆರೆತಿಲ್ಲ ಅಂದ್ರೆ ಗಿಡಗಳಿಗೂ ಆಗುತ್ತೆ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿದ್ರೆ ಗುಡಿಸೋ ಕೆಲಸ ಅರ್ಧ ಕಮ್ಮಿ. ಪೇಂಟ್ ಬ್ರಷ್, ಚಮಚ, ಹಳೇ ಟೂತ್‌ಬ್ರಷ್, ಜರಡಿ, ಸ್ಕೇಲ್, ಒಂದು ನೋಟ್‌ಬುಕ್ ಇದ್ದರೆ ಸಾಕು.

ಅಗೆಯುವ ದಿನ

ಟಬ್ ಮೇಲೆ ದಾರ ಕಟ್ಟಿ ನಾಲ್ಕೋ ಆರೋ ಚೌಕ ಮಾಡಿ. ವಿಜ್ಞಾನಿಗಳೂ ಹೀಗೇ ಮಾಡ್ತಾರೆ, ಯಾವ ಮೂಳೆ ಎಲ್ಲಿ ಸಿಕ್ತು ಅಂತ ಗುರುತಿಡೋಕೆ. ಇಬ್ಬರು ಮಕ್ಕಳಿದ್ದರೆ "ಇದು ನನ್ನ ಜಾಗ" ಜಗಳಕ್ಕೂ ಇದೇ ಮದ್ದು. ಮೂಳೆ ಕಂಡ ಕೂಡ್ಲೇ ಕೀಳೋ ಹಾಗಿಲ್ಲ. ಮೊದಲು ಬ್ರಷ್, ಆಮೇಲೆ ನೋಟ್‌ಬುಕ್‌ನಲ್ಲಿ ಚಿತ್ರ, ಆಮೇಲೆ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ 'ಮ್ಯೂಸಿಯಂ'ಗೆ ಸಾಗಣೆ. ನಿಜವಾದ ಪಳೆಯುಳಿಕೆಗಳನ್ನು ಗೋಣಿಬಟ್ಟೆ, ಪ್ಲಾಸ್ಟರ್ ಸುತ್ತಿ ಸಾಗಿಸ್ತಾರೆ ಅಂತ ಹೇಳಿ.

ತೀರಾ ಚಿಕ್ಕವರಿಗೆ ಐಸ್ ಮೊಟ್ಟೆ ಸಾಕು. ಸ್ಟೀಲ್ ಬಟ್ಟಲಲ್ಲಿ ದೊಡ್ಡ ಆಟಿಕೆ ಇಟ್ಟು, ನೀರು ಹಾಕಿ ಫ್ರೀಜ್ ಮಾಡಿ. ಉಗುರುಬೆಚ್ಚಗಿನ ನೀರು ಸುರಿಯುತ್ತಾ ಕರಗಿಸಲಿ. ನರ್ಮದಾ ಕಣಿವೆಯಲ್ಲಿ 92 ಗೂಡುಗಳು, 256 ಮೊಟ್ಟೆಗಳು ಪತ್ತೆಯಾದ ಸಂಗತಿ 2023ರಲ್ಲಿ ಪ್ರಕಟವಾಯ್ತು. ಆ ಕಥೆ ಇಲ್ಲಿ ಹೇಳಬಹುದು.

ಇಷ್ಟು ಎಚ್ಚರ ಇರಲಿ

ರಸ್ತೆ ಬದಿಯ ಮರಳು ರಾಶಿ ಬೇಡ್ವೇ ಬೇಡ, ನಾಯಿ-ಬೆಕ್ಕಿನ ಹೊಲಸಿನಿಂದ ಜಂತುಹುಳು ಬರಬಹುದು. ಮೂರು ವರ್ಷದೊಳಗಿನವರಿಗೆ ಬಾಯಲ್ಲಿ ಹಿಡಿಯದಷ್ಟು ದೊಡ್ಡ ಮೂಳೆ ಮಾತ್ರ ಕೊಡಿ. ಉಪ್ಪಿನ ಹಿಟ್ಟನ್ನು ಮಕ್ಕಳಾಗಲಿ ಸಾಕುನಾಯಿಯಾಗಲಿ ತಿನ್ನಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ಬಿಸಿಯಾಗುತ್ತೆ. ಅದರೊಳಗೆ ಕೈಯಿಟ್ಟರೆ ಸುಟ್ಟ ಗಾಯ ಆಗುವಷ್ಟು. ಅಂಗಡಿ ಕಿಟ್‌ನ ಗಟ್ಟಿ ಗಡ್ಡೆಯನ್ನು ಒದ್ದೆ ಮಾಡಿಯೇ ಕೊಡಿ, ದೂಳು ಮೂಗಿಗೆ ಹೋಗಲ್ಲ. ಆಟ ಮುಗಿದ ತಕ್ಷಣ ಸೋಪು ಹಾಕಿ ಕೈ ತೊಳೆಸಿ.

ಪ್ರಶ್ನೆ ಬಂದೇ ಬರುತ್ತೆ

"ನಮ್ಮ ಪಾರ್ಕ್‌ನಲ್ಲಿ ಅಗೆದ್ರೆ ಸಿಗುತ್ತಾ?" ಅಂದ್ರೆ ನಿಜ ಹೇಳಿ, ಸಿಗಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಬಂದಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ನಮ್ಮ ಬಂಡೆ ಅವಕ್ಕೆ ಮುತ್ತಜ್ಜಿ!

"ಎಲ್ಲಾ ಸತ್ತೋದ್ವಾ?" ಅನ್ನೋದು ಕಷ್ಟದ ಪ್ರಶ್ನೆ. ಕೇಳುವಾಗ ಕೆಲವು ಮಕ್ಕಳ ದನಿ ಸಣ್ಣದಾಗುತ್ತೆ. ಮಾತು ಮರೆಸಬೇಡಿ. 6.6 ಕೋಟಿ ವರ್ಷದ ಹಿಂದೆ ಆಕಾಶದಿಂದ ದೊಡ್ಡ ಕಲ್ಲು ಬಂದು ಬಿತ್ತು, ತುಂಬಾ ಪ್ರಾಣಿಗಳು ಸತ್ತವು, ಆದ್ರೆ ಒಂದು ಗುಂಪಿನ ಡೈನೋಸಾರ್ ಉಳಿದುಕೊಂಡವು, ಅವೇ ಹಕ್ಕಿಗಳು ಅಂತ ಹೇಳಿ. ಬಾಲ್ಕನಿ ಗ್ರಿಲ್ ಮೇಲೆ ಕೂತ ಕಾಗೆ ತೋರಿಸಿ. ನಾಳೆಯಿಂದ ನಿಮ್ಮ ಮನೆಗೆ ದಿನಾ ಡೈನೋಸಾರ್ ಬರುತ್ತೆ, ಅನ್ನ ಇಡೋ ಡ್ಯೂಟಿ ಮಗುವಿನದು.