ಹನುಮಸಾಗರದ ಗಿರಾಕಿ ಮತ್ತು ನಮ್ಮ ಮಾಲು



ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಬಯಲುಸೀಮೆಯ ಊರು. ಅಂಥ ಊರುಗಳಲ್ಲಿ ನಮ್ಮ ಅಡಿಕೆಗೆ ಜಾಹೀರಾತು ಬೇಕಾಗಿರಲಿಲ್ಲ. ಮದುವೆಯ ಮಾತುಕತೆಯಿಂದ ಹಬ್ಬದೂಟದವರೆಗೆ ಎಲೆ-ಅಡಿಕೆ ಮುಂದಿಡುವ ಸಂಪ್ರದಾಯವೇ ಅದಕ್ಕೆ ಪ್ರಚಾರವಾಗಿತ್ತು. ಕಾಫಿಗೆ ಅಲ್ಲಿ ಆ ಬಲವಿಲ್ಲ; ಬಂದವರಿಗೆ ಕೊಡುವುದು ಚಹಾ.

ಯಂತ್ರದಲ್ಲಿ ತುಂಬಿ ಮುಚ್ಚುವ ಸಣ್ಣ ಪಾಕೀಟು ಬಂದ ಮೇಲೆ ಅಡಿಕೆಯ ವ್ಯಾಪಾರವೇ ಬದಲಾಯಿತು. ಹಂಚಿ ತಿನ್ನುತ್ತಿದ್ದ ವಸ್ತು ಒಬ್ಬನೇ ಜಗಿಯುವ ಗುಟ್ಕಾ ಆಯಿತು. ಪಾಕೀಟಿನ ಮೇಲೆ ಮೆರೆದದ್ದು ತಯಾರಕರ ಹೆಸರು, ಬೆಳೆಗಾರನದಲ್ಲ. ತಂಬಾಕು ಬೆರೆತ ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಆದ್ದರಿಂದ ಹೆಚ್ಚು ಜಗಿಯಿರೆಂದು ಪ್ರಚಾರ ಮಾಡುವುದು ನಮಗೆ ಸಲ್ಲದು.

ಪ್ರಚಾರಕ್ಕೆ ತಕ್ಕದ್ದು ಕಾಫಿ. 1996ರಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಮುಗಿದಂದಿನಿಂದ ಗಿರಾಕಿಯನ್ನು ನಾವೇ ಹುಡುಕಬೇಕಾಗಿದೆ. ಆದರೆ ಫಿಲ್ಟರ್ ಇಲ್ಲದ ಮನೆಗೆ ಫಿಲ್ಟರ್ ಕಾಫಿಯ ಜಾಹೀರಾತು ವ್ಯರ್ಥ. ಚಹಾ ಪಾತ್ರೆಯಲ್ಲೇ ಪುಡಿ ಹಾಕಿ ಸೋಸುವ ವಿಧಾನವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು. ಚಿಕೋರಿ ಎಷ್ಟೆಂದು ಮರೆಮಾಚದೆ ತಿಳಿಸಬೇಕು. ಒಂದೆರಡು ದಿನಕ್ಕೆ ಸಾಲುವ ಸಣ್ಣ ಪೊಟ್ಟಣ ಸಂತೆಗೆ ಹೋಗಬೇಕು. ಅದರ ಮೇಲೆ ಸಂಘದ ಹೆಸರಿರಬೇಕು.

ಪಾಕೀಟಿನ ಯಂತ್ರ ಅಡಿಕೆಯಲ್ಲಿ ನಮ್ಮ ಹೆಸರನ್ನು ಅಳಿಸಿತು. ಕಾಫಿಯಲ್ಲಿ ಅದೇ ಯಂತ್ರದಿಂದ ನಮ್ಮ ಹೆಸರನ್ನು ಉಳಿಸಿಕೊಳ್ಳೋಣ.