ದಾದಿಯರ ಮಾತು ನಡೆಯುತ್ತದೆಯೇ?

ನಮ್ಮ ಗಡಿನಾಡಿನ ಹೆಣ್ಣುಮಕ್ಕಳು ಅನೇಕರು ದಾದಿಯರಾಗಿ ದೂರದ ಊರುಗಳಲ್ಲಿ ದುಡಿಯುತ್ತಿದ್ದಾರೆ. ರೋಗಿಯ ಬಳಿ ಹಗಲಿರುಳು ನಿಲ್ಲುವ ಅವರಿಗೆ ಆಸ್ಪತ್ರೆಯ ಆಡಳಿತದಲ್ಲಿ ಪಾಲುಂಟೇ?

1983ರಲ್ಲಿ ಅಮೆರಿಕದ ದಾದಿಯರ ಅಕಾಡೆಮಿಯು 163 ಆಸ್ಪತ್ರೆಗಳನ್ನು ಪರಿಶೀಲಿಸಿ, ದಾದಿಯರು ಬಿಟ್ಟುಹೋಗದೆ ನೆಲೆನಿಲ್ಲುವ 41 ಆಸ್ಪತ್ರೆಗಳನ್ನು ಗುರುತಿಸಿತು. ತೀರ್ಮಾನಗಳಲ್ಲಿ ದಾದಿಯರಿಗೂ ಪಾಲಿರುವುದು ಅವುಗಳ ಒಂದು ಮುಖ್ಯ ಲಕ್ಷಣವಾಗಿತ್ತು.

ಆ ಪಾಲು ನಿಜವೋ ಹೆಸರಿಗಷ್ಟೆಯೋ? ಇದನ್ನು ಅಳೆಯಲು ರಾಬರ್ಟ್ ಹೆಸ್ ಎಂಬವರು 1998ರಲ್ಲಿ 86 ಅಂಶಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಕೆಲಸದ ಪಾಳಿ ನಿಗದಿ ಮಾಡುವವರು ಯಾರು, ಸಲಕರಣೆಗಳ ಬಗ್ಗೆ ತೀರ್ಮಾನ ಯಾರದು ಎಂಬುದನ್ನು ಅಲ್ಲಿ ದಾದಿಯರೇ ಹೇಳಬೇಕು. ಸಮಿತಿಯಲ್ಲಿ ಕುರ್ಚಿ ಕೊಟ್ಟರಷ್ಟೇ ಸಾಲದು. ಆಡಿದ ಮಾತು ಜಾರಿಗೆ ಬರಬೇಕು.

ರಜೆಯಲ್ಲಿ ಬಂದ ಮಗಳೊಡನೆ ಸಂಬಳವೆಷ್ಟೆಂದು ಕೇಳುವ ನಾವು, ‘ಅಲ್ಲಿ ನಿನ್ನ ಮಾತು ನಡೆಯುತ್ತದೆಯೇ ಮಗಾ?’ ಎಂದೂ ಕೇಳೋಣ.