ಹೋಗಾರ್ತನೂ ಲಂಡನ್ನಿನ ಶಿಶುಗೃಹವೂ

ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಲಂಡನ್ ನಗರವು ಐಶ್ವರ್ಯದಲ್ಲಿಯೂ ವಾಣಿಜ್ಯದಲ್ಲಿಯೂ ಯುರೋಪಿನ ಮಹಾನಗರಗಳ ಸಾಲಿನಲ್ಲಿ ತಲೆಯೆತ್ತಿ ನಿಂತಿತ್ತು. ಆದರೆ ಅದೇ ನಗರದ ಬೀದಿಗಳ ಅಂಚಿನಲ್ಲಿ, ತಿಪ್ಪೆಗಳ ಬದಿಯಲ್ಲಿ, ಹೆತ್ತವಳು ಇರಿಸಿಹೋದ ಹಸುಗೂಸುಗಳು ಕೆಲವು ಸತ್ತೂ ಕೆಲವು ಸಾಯುತ್ತಲೂ ಬಿದ್ದಿರುವುದು ನಿತ್ಯದ ನೋಟವಾಗಿದ್ದು, ದಾರಿಹೋಕರ ಕಣ್ಣು ಅದಕ್ಕೆ ಪಳಗಿಹೋಗಿತ್ತು. ಹಾಗೆ ಪಳಗಲೊಲ್ಲದ ಕಣ್ಣು ಥಾಮಸ್ ಕೋರಮ್ ಎಂಬ ವೃದ್ಧ ನಾವಿಕನದು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಹಡಗುಗಳನ್ನು ಕಟ್ಟಿಸಿ, ಸಮುದ್ರವ್ಯಾಪಾರದ ಲಾಭನಷ್ಟಗಳೆರಡನ್ನೂ ಉಂಡು ಸ್ವದೇಶಕ್ಕೆ ಮರಳಿದ್ದ ಈತನು, ಇಂತಹ ಕೂಸುಗಳಿಗೊಂದು ಆಶ್ರಯ ಬೇಕೆಂದು ಹದಿನೇಳು ವರ್ಷಗಳ ಕಾಲ ಸಿರಿವಂತರ ಬಾಗಿಲುಗಳನ್ನು ತಟ್ಟಿದನು. ಹಾದರಕ್ಕೆ ಹುಟ್ಟಿದ್ದನ್ನು ಸಾಕಿದರೆ ಹಾದರವನ್ನೇ ಸಾಕಿದಂತಾಗುವುದೆಂಬುದು ಸಂಭಾವಿತರ ವಾದವಾಗಿತ್ತು. ಕೊನೆಗೆ ಇಪ್ಪತ್ತೊಂದು ಮಂದಿ ಕುಲೀನ ಸ್ತ್ರೀಯರು ಮನವಿಪತ್ರಕ್ಕೆ ರುಜು ಹಾಕಿದ ಮೇಲೆ ಗಂಡಸರಿಗೂ ಧೈರ್ಯ ಬಂದು, 1739ರ ಅಕ್ಟೋಬರ್ 17ರಂದು ಎರಡನೆಯ ಜಾರ್ಜ್ ದೊರೆಯ ಸನ್ನದು ದೊರೆಯಿತು. ಫೌಂಡ್ಲಿಂಗ್ ಹಾಸ್ಪಿಟಲ್ ಎಂದು ಹೆಸರಾದ ಈ ಶಿಶುಗೃಹದ ಬಾಗಿಲು 1741ರ ಮಾರ್ಚ್ 25ರ ರಾತ್ರಿ ಮೊದಲ ಬಾರಿಗೆ ತೆರೆಯಿತು.

ಸನ್ನದಿನಲ್ಲಿ ಹೆಸರಿಸಲ್ಪಟ್ಟ ಧರ್ಮದರ್ಶಿಗಳ ಪೈಕಿ ಡ್ಯೂಕರು, ಅರ್ಲರು, ವರ್ತಕರು ಮೊದಲಾದವರ ನಡುವೆ ವಿಲಿಯಂ ಹೋಗಾರ್ತ್ ಎಂಬ ಚಿತ್ರಕಾರನೂ ಒಬ್ಬನಿದ್ದನು. ಬೆಳ್ಳಿಯ ಪಾತ್ರೆಗಳ ಮೇಲೆ ಕೆತ್ತನೆ ಮಾಡುವ ಕಸುಬಿನಿಂದ ಮೇಲೆ ಬಂದು, ನಗರಜೀವನದ ಠಕ್ಕು, ಡಂಭ, ದುರ್ವ್ಯಸನಗಳನ್ನು ಚಿತ್ರಮಾಲಿಕೆಗಳಾಗಿ ಕೊರೆದು ಮಾರಿ ಖ್ಯಾತನಾಗಿದ್ದ ಈತನಿಗೆ ಧನಿಕರಂತೆ ಥೈಲಿ ಬಿಚ್ಚಿ ಸುರಿಯುವ ಸಾಮರ್ಥ್ಯವಿರಲಿಲ್ಲ. ಆದುದರಿಂದ ತನ್ನಲ್ಲಿದ್ದ ವಿದ್ಯೆಯನ್ನೇ ಕೊಟ್ಟನು. 1740ರಲ್ಲಿ ಅವನು ಬರೆದು ದಾನವಿತ್ತ ಕ್ಯಾಪ್ಟನ್ ಕೋರಮ್ಮರ ಭಾವಚಿತ್ರವು ಸುಮಾರು ಎಂಟು ಅಡಿ ಎತ್ತರದ್ದು. ರಾಜರಿಗೂ ಸೇನಾಧಿಪತಿಗಳಿಗೂ ಮೀಸಲಾಗಿದ್ದ ಆ ಭವ್ಯ ಪ್ರಮಾಣದಲ್ಲಿ, ಕಂಬ, ಪರದೆ, ದೂರದ ಸಮುದ್ರದಲ್ಲಿ ತೇಲುವ ನೌಕೆ ಇವೆಲ್ಲದರ ಮಧ್ಯೆ ಕುಳಿತಿರುವವನು ಮಾತ್ರ ಕೃತಕ ಕೇಶವನ್ನೂ ಧರಿಸದ, ಕೆಂಪು ಕೋಟಿನ, ನೆರೆಗೂದಲಿನ, ಗುಜ್ಜು ದೇಹದ ಸಾಧಾರಣ ಮನುಷ್ಯ. ಕೈಯಲ್ಲಿ ಸನ್ನದಿನ ಮುದ್ರೆ. ಕುರ್ಚಿ ಎತ್ತರವಾದ್ದರಿಂದ ಪಾದಗಳು ನೆಲವನ್ನು ಪೂರಾ ಮುಟ್ಟುವುದೂ ಇಲ್ಲ. ಹೋಗಾರ್ತನು ತಾನು ಬರೆದ ಭಾವಚಿತ್ರಗಳಲ್ಲೆಲ್ಲ ಇದೇ ಉತ್ತಮವೆಂದು ಭಾವಿಸಿದ್ದನು. ನನಗೂ ಹಾಗೆಯೇ ತೋರುತ್ತದೆ.

ಇಷ್ಟಕ್ಕೆ ನಿಂತಿದ್ದರೆ ಅದೊಂದು ಸಾಧಾರಣ ದಾನವಾಗುತ್ತಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಚಿತ್ರಶಾಲೆಯೆಂಬುದು ಇರಲಿಲ್ಲ. ರಾಯಲ್ ಅಕಾಡೆಮಿ ಹುಟ್ಟಿದ್ದು 1768ರಲ್ಲಿ, ನ್ಯಾಷನಲ್ ಗ್ಯಾಲರಿ 1824ರಲ್ಲಿ. ಶ್ರೀಮಂತರೋ ಇಟಲಿಯ ಹಳೆಯ ಪಟಗಳಿಗೆ ಮಾತ್ರ ಮನಸೋತು, ದೇಶೀಯ ಚಿತ್ರಕಾರನನ್ನು ಮುಖಚಿತ್ರ ಬರೆಯುವ ಕೂಲಿಯವನೆಂದು ಬಗೆಯುತ್ತಿದ್ದರು. ಈ ಅವಮಾನ ಹೋಗಾರ್ತನನ್ನು ಜೀವಮಾನವೆಲ್ಲ ಕಾಡಿತು. ಒಂದೆಡೆ ಚಿತ್ರಗಳಿಗೆ ಗೋಡೆಯಿಲ್ಲ. ಇನ್ನೊಂದೆಡೆ ಲ್ಯಾಂಬ್ಸ್ ಕಾಂಡ್ಯುಟ್ ಬಯಲಿನಲ್ಲಿ ಹೊಸದಾಗಿ ಎದ್ದ ಶಿಶುಗೃಹದ ವಿಶಾಲವಾದ ಗೋಡೆಗಳು ಬೋಳಾಗಿವೆ, ಅದನ್ನು ನೋಡಲು ಬರುವ ಉಳ್ಳವರೂ ಬೇಕಾಗಿದ್ದಾರೆ. ಈ ಎರಡು ಕೊರತೆಗಳನ್ನು ಒಂದಕ್ಕೊಂದು ಗಂಟುಹಾಕಿದ್ದು ಹೋಗಾರ್ತನ ಪ್ರತಿಭೆ. ಅವನ ಪ್ರೇರಣೆಯಿಂದ ಫ್ರಾನ್ಸಿಸ್ ಹೇಮನ್, ಜೋಸೆಫ್ ಹೈಮೋರ್, ಶಿಲ್ಪಿ ರಿಸ್‌ಬ್ರ್ಯಾಕ್ ಮೊದಲಾದವರು ಕೃತಿಗಳನ್ನು ಕಾಣಿಕೆಯಾಗಿ ತಂದರು; ಇಪ್ಪತ್ತು ದಾಟಿದ ತರುಣ ಗೇನ್ಸ್‌ಬರೋ 1748ರಲ್ಲಿ ಚಾರ್ಟರ್‌ಹೌಸ್ ಕಟ್ಟಡದ ಸಣ್ಣದೊಂದು ದುಂಡನೆಯ ಚಿತ್ರವನ್ನು ಬರೆದುಕೊಟ್ಟನು. ಚಿತ್ರ ನೋಡಲು ಬಂದವರು ಮಕ್ಕಳನ್ನು ಕಂಡು ಹಣವಿತ್ತರು. ಮಕ್ಕಳನ್ನು ನೋಡಲು ಬಂದವರು ಚಿತ್ರಗಳನ್ನು ಕಂಡು ಚಿತ್ರಕಾರನ ಮನೆಯ ವಿಳಾಸ ವಿಚಾರಿಸಿದರು. ಇದರಲ್ಲಿ ಸ್ವಾರ್ಥ ಬೆರೆತಿತ್ತೆಂದು ಮೂಗು ಮುರಿಯುವ ವಿಮರ್ಶಕರು ಇಲ್ಲದಿಲ್ಲ. ಬೆರೆತಿತ್ತು, ನಿಜ, ಆದರೆ ಶುದ್ಧ ತ್ಯಾಗ ಒಂದು ಸಂಜೆಯಲ್ಲಿ ದಣಿದುಬಿಡುವ ಕಾರ್ಯವನ್ನು, ತನ್ನ ಹಿತವನ್ನೂ ಜೊತೆಗಿರಿಸಿಕೊಂಡ ಔದಾರ್ಯವು ತಲೆಮಾರುಗಳವರೆಗೆ ನಡೆಸಬಲ್ಲದೆಂಬುದಕ್ಕೆ ಈ ಮನೆಯೇ ಸಾಕ್ಷಿ.

ಅಲ್ಲಿಯ ಸಭಾಗೃಹಕ್ಕೆಂದು ನಾಲ್ವರು ಚಿತ್ರಕಾರರು ಬೈಬಲ್ಲಿನ ಕಥೆಗಳಿಂದ ನಾಲ್ಕು ದೊಡ್ಡ ಪಟಗಳನ್ನು ಬರೆದರು. ಹೋಗಾರ್ತನ ಪಾಲಿನದು ಮೋಸೆಸನನ್ನು ಫೇರೋ ಅರಸನ ಮಗಳ ಮುಂದೆ ತಂದ ಪ್ರಸಂಗ. ಕುಂತಿಯ ಕೂಸಿನಂತೆಯೇ ನದಿಯ ಪಾಲಾಗಿ ಪರರ ಕೈಗೆ ದಕ್ಕಿದ ಶಿಶು ಅವನು. ಆದರೆ ಕರ್ಣನಿಗೆ ಇಲ್ಲದ ಒಂದು ಭಾಗ್ಯ ಅವನಿಗಿತ್ತು, ಹೆತ್ತ ತಾಯಿಯೇ ಗುರುತು ಮರೆಸಿಕೊಂಡು ಸಂಬಳದ ದಾದಿಯಾಗಿ ಅವನಿಗೆ ಮೊಲೆಯೂಡಿಸಿದ್ದಳು. ಈಗ ಬಾಲಕನನ್ನು ಅರಮನೆಗೆ ಒಪ್ಪಿಸುವ ಗಳಿಗೆ. ರಾಜಕುಮಾರಿ ಒರಗಿ ಕುಳಿತು ಕೈ ಚಾಚಿದ್ದಾಳೆ. ಹುಡುಗನೋ ದಾದಿಯ ಸೆರಗನ್ನು ಬಿಡಲೊಲ್ಲನು. ಆ ತಾಯಿಯ ಅಂಗೈಗೆ ಪಾರುಪತ್ಯಗಾರನು ಸಂಬಳದ ನಾಣ್ಯಗಳನ್ನು ಎಣಿಸಿ ಹಾಕುತ್ತಿದ್ದಾನೆ. ಶಿಶುಗೃಹದ ಕೂಸುಗಳನ್ನು ಹಳ್ಳಿಗಾಡಿನ ದಾದಿಯರ ಬಳಿ ಬೆಳೆಯಲು ಕಳುಹಿಸಿ, ಐದು ವರ್ಷದ ಹೊತ್ತಿಗೆ ಹಿಂದಕ್ಕೆ ಕರೆಸಿಕೊಳ್ಳುವುದು ಅಲ್ಲಿಯ ಪದ್ಧತಿಯಾಗಿದ್ದಿತು. ಅಮ್ಮನೆಂದು ತಿಳಿದವಳನ್ನು ಅಗಲುವ ಆ ಎರಡನೆಯ ಅನಾಥತ್ವವನ್ನು, ಧರ್ಮದರ್ಶಿಗಳು ಕುಳಿತು ಲೆಕ್ಕಪತ್ರ ನೋಡುವ ಕೊಠಡಿಯ ಗೋಡೆಯ ಮೇಲೆಯೇ ಬರೆದಿಟ್ಟ ಚಿತ್ರಕಾರನ ದಿಟ್ಟತನ ಸಾಮಾನ್ಯದ್ದಲ್ಲ. ಸ್ವತಃ ಮಕ್ಕಳಿಲ್ಲದ ಹೋಗಾರ್ತ್ ದಂಪತಿಗಳು ಚಿಸಿಕ್ ಗ್ರಾಮದಲ್ಲಿ ದಾದಿಯರ ಪೋಷಣೆಯಲ್ಲಿದ್ದ ಇಂತಹ ಕೂಸುಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದರು.

ವ್ಯಾಪಾರಚಾತುರ್ಯದಲ್ಲಿಯೂ ಅವನು ಹಿಂದೆ ಬಿದ್ದವನಲ್ಲ. ಕೆತ್ತನೆಯ ಚಿತ್ರಗಳನ್ನು ಕದ್ದು ಅಚ್ಚುಹಾಕುವವರ ವಿರುದ್ಧ 1735ರಲ್ಲಿ ಕಾಯಿದೆಯನ್ನೇ ಮಾಡಿಸಿದ್ದವನು, 1750ರಲ್ಲಿ ‘ಫಿಂಚ್ಲಿಗೆ ಹೊರಟ ಕಾವಲುದಂಡು’ ಎಂಬ ಪಟವನ್ನು ಲಾಟರಿಗೆ ಇಟ್ಟನು. ಅದರ ಅಚ್ಚುಪ್ರತಿಗೆ ಚಂದಾ ತೆತ್ತವರು ಇನ್ನಷ್ಟು ಕೊಟ್ಟರೆ ಮೂಲಚಿತ್ರದ ಲಾಟರಿಯಲ್ಲಿಯೂ ಒಂದು ಚೀಟಿ ದೊರೆಯುತ್ತಿತ್ತು. ಖರ್ಚಾಗದೆ ಉಳಿದ 167 ಚೀಟಿಗಳನ್ನು ಶಿಶುಗೃಹಕ್ಕೆ ದಾನಮಾಡಿದನು. ಏಪ್ರಿಲ್ 30ರಂದು ಎತ್ತಿದ ಚೀಟಿ ಶಿಶುಗೃಹದ್ದೇ ಆಗಿತ್ತು. ಚಿತ್ರದಲ್ಲಿರುವುದಾದರೂ ಏನು? 1745ರ ದಂಗೆಯ ಕಾಲದಲ್ಲಿ ರಾಜಧಾನಿಯನ್ನು ರಕ್ಷಿಸಲು ಹೊರಟ ಸೈನಿಕರ ಕುಡಿತ, ಕಳವು, ಚೆಲ್ಲಾಟ. ನಡುಮಧ್ಯೆ ಒಬ್ಬ ಸಿಪಾಯಿಯನ್ನು ಎರಡು ಕಡೆಯಿಂದ ಜಗ್ಗುತ್ತಿರುವ ಇಬ್ಬರು ಹೆಂಗಸರು, ಅವರಲ್ಲಿ ಒಬ್ಬಳು ತುಂಬು ಬಸುರಿ. ಬಲಗಡೆ ವೇಶ್ಯಾಗೃಹದ ಕಿಟಕಿಗಳ ತುಂಬ ಹೆಣ್ಣುಮುಖಗಳು. ಅನಾಥಾಲಯಕ್ಕೆ ಇದೆಂತಹ ಅಲಂಕಾರವೆಂದು ಮಡಿವಂತರು ಕೇಳಿಯಾರು. ಆ ಮನೆಯ ಮಕ್ಕಳು ಎಲ್ಲಿಂದ ಬಂದರೆಂಬ ಪ್ರಶ್ನೆಗೆ ಆ ಬಸುರಿಯೇ ಉತ್ತರವಾಗಿದ್ದಳೆಂಬುದು ಮಾತ್ರ ಅವರಿಗೆ ಹೊಳೆಯಲಾರದು.

ಲಾಟರಿ ಎತ್ತಿದ ಮರುದಿನ, ಮೇ 1ರಂದು, ಶಿಶುಗೃಹದ ಪ್ರಾರ್ಥನಾಮಂದಿರದಲ್ಲಿ ಸಂಗೀತಜ್ಞ ಹ್ಯಾಂಡೆಲ್ ತನ್ನ ‘ಮೆಸ್ಸಾಯ’ವನ್ನು ಮಕ್ಕಳ ಸಹಾಯಾರ್ಥ ನುಡಿಸಿದನು, ಅದು ವರ್ಷವರ್ಷವೂ ನಡೆದು ಬಹಳ ಹಣ ತಂದಿತು. ಆದರೂ ಎಲ್ಲ ಕೂಸುಗಳಿಗೂ ಸಾಲುವಷ್ಟು ಸ್ಥಳವಾಗಲಿ ಧನವಾಗಲಿ ಇರಲಿಲ್ಲ. ತಾಯಂದಿರು ಚೀಲದೊಳಗೆ ಕೈಯಿಟ್ಟು ಚೆಂಡು ತೆಗೆಯಬೇಕಾಗಿತ್ತು: ಬಿಳಿದು ಬಂದರೆ ಪ್ರವೇಶ, ಕೆಂಪಾದರೆ ಕಾಯುವುದು, ಕಪ್ಪಾದರೆ ಕೂಸಿನೊಡನೆ ಬಂದ ದಾರಿಗೆ ಸುಂಕವಿಲ್ಲ. ಒಳಗೆ ಬಿಟ್ಟವರು ಮುಂದೆಂದಾದರೂ ಗುರುತಿಸಲೆಂದು ಒಂದು ಬಟ್ಟೆಯ ಚೂರನ್ನೋ ಮುರಿದ ನಾಣ್ಯವನ್ನೋ ಇಟ್ಟುಹೋಗುತ್ತಿದ್ದರು.

ಶಿಶುಗೃಹವು 1926ರಲ್ಲಿ ಲಂಡನ್ನಿನಿಂದ ಸ್ಥಳಾಂತರಗೊಂಡು ಹಳೆಯ ಕಟ್ಟಡ ನೆಲಸಮವಾಯಿತು. ಸಭಾಗೃಹದ ಗಾರೆಯ ಚಿತ್ತಾರದ ಛಾವಣಿಯನ್ನು ಮಾತ್ರ ಜೋಪಾನವಾಗಿ ಕಳಚಿ ಇಟ್ಟಿದ್ದರಿಂದ, ಬ್ರನ್ಸ್‌ವಿಕ್ ಚೌಕದಲ್ಲಿ 2004ರಲ್ಲಿ ತೆರೆದ ಫೌಂಡ್ಲಿಂಗ್ ಮ್ಯೂಸಿಯಂನಲ್ಲಿ ಆ ಕೊಠಡಿಯನ್ನು ಮೊದಲಿನಂತೆಯೇ ಕಾಣಬಹುದು. ಕೋರಮ್, ಮೋಸೆಸ್, ಕಾವಲುದಂಡು ಮೂರೂ ಅಲ್ಲಿವೆ, ತಾಯಂದಿರು ಬಿಟ್ಟುಹೋದ ಗುರುತುಗಳೂ ಇವೆ. ಮೂಲಸಂಸ್ಥೆಯು ಕೋರಮ್ ಎಂಬ ಹೆಸರಿನಿಂದ ಮಕ್ಕಳ ಸೇವೆಯನ್ನು ಇಂದಿಗೂ ನಡೆಸಿಕೊಂಡು ಬಂದಿದೆ. ಹಳೆಯ ನಿವೇಶನದಲ್ಲಿ ಈಗ ಆಟದ ಬಯಲಿದ್ದು, ಜೊತೆಯಲ್ಲಿ ಮಗುವೊಂದು ಇಲ್ಲದ ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ.